ಮೊದಲ ಸಾಲಲ್ಲಿ ಯಾರಿರಬೇಕು

ಈಚೆಗೆ ಆಫೀಸಿನ ಮೀಟಿಂಗ್ ರೂಮಲ್ಲಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಹಾಕಿ ಆನ್ ಮಾಡಿದೆ. ಗೋಡೆ ಮೇಲೆ ಕಪ್ಪು ಪರದೆ, ಬಿಳಿ ಅಕ್ಷರದ ನಾಲ್ಕೈದು ಸಾಲು. ಕೆಳಗೆ ಹತ್ತು, ಒಂಬತ್ತು, ಎಂಟು ಅಂತ ಇಳಿಯುತ್ತಿದ್ದ ಎಣಿಕೆ. ಪಕ್ಕದಲ್ಲಿದ್ದ ಹೊಸ ಹುಡುಗ ಮೆಲ್ಲಗೆ, "ಸಾರ್, ಏನೋ ಎರರ್ ಬಂದಿದೆ" ಅಂದ. ಎರರ್ ಅಲ್ಲಪ್ಪ, ಇದರಲ್ಲಿ ವಿಂಡೋಸ್, ಲಿನಕ್ಸ್ ಅಂತ ಎರಡು ಆಪರೇಟಿಂಗ್ ಸಿಸ್ಟಮ್ ಇದೆ, ಯಾವುದು ಬೇಕು ಅಂತ ಕೇಳ್ತಿದೆ ಅಂದೆ. ಅವನು ಇಂಜಿನಿಯರಿಂಗ್ ಮುಗಿಸಿ ಬಂದವನು, ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಾನೆ. ಆದರೂ ಕಂಪ್ಯೂಟರ್ ಹೀಗೆಲ್ಲ ಕೇಳುತ್ತೆ ಅನ್ನೋದು ಅವನಿಗೆ ಹೊಸದು. "ಈಗ ಯಾಕ್ ಸಾರ್ ಇದೆಲ್ಲಾ? ವಿಂಡೋಸ್ ಒಳಗೇ ಲಿನಕ್ಸ್ ಓಡುತ್ತಲ್ವಾ?" ಅಂದ.

ಅವನು ಹೇಳಿದ್ದು ನಿಜ. 2016ರಿಂದ ವಿಂಡೋಸ್ ಒಳಗೇ ಲಿನಕ್ಸಿನ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆಗೆಯಬಹುದು. ಒಂದು ಸಿಸ್ಟಮ್ಮಿನ ಒಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್ ಮಷಿನ್ ಅಂತೂ ಅದಕ್ಕೂ ಹಳೇದು. ಒಂದರಿಂದ ಇನ್ನೊಂದಕ್ಕೆ ಹೋಗಲು ಇಡೀ ಮಷಿನ್ನು ಆರಿಸಿ ಮತ್ತೆ ಹಚ್ಚುವ ಕಷ್ಟ ಈಗ ಯಾರಿಗೂ ಬೇಕಿಲ್ಲ. ನಾನೇ ಆ ಮೆನುವಿನಲ್ಲಿ ವಿಂಡೋಸ್ ಸಾಲಿಗೆ ಇಳಿದು ಎಂಟರ್ ಒತ್ತಿದ್ದು ಯಾವಾಗ ಅಂತ ನೆನಪಿಲ್ಲ. ಮೇಲಿನ ಸಾಲಿನಲ್ಲಿ ಲಿನಕ್ಸ್ ಇದೆ, ಹತ್ತು ಸೆಕೆಂಡು ಆಗುತ್ತದೆ, ಅದು ತಾನೇ ಏಳುತ್ತದೆ. ಅಷ್ಟರಲ್ಲಿ ನಾನು ಕಾಫಿ ತರಲು ಹೋಗಿರುತ್ತೇನೆ.

ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಇಷ್ಟು ವರ್ಷ "ನನ್ನ ಕಂಪ್ಯೂಟರಲ್ಲಿ ಆಯ್ಕೆ ಇದೆ" ಅಂತ ಒಂದು ಹೆಮ್ಮೆ ಇಟ್ಟುಕೊಂಡೇ ಬಂದವನು ನಾನು. ಆದರೆ ಆಯ್ಕೆ ಮಾಡುತ್ತಿರುವುದು ಯಾರು? ಪರದೆ ಮುಂದೆ ನಾನೇ ಇರಲ್ಲ. ಯಾವತ್ತೋ ಒಂದು ದಿನ ಮೊದಲ ಸಾಲಲ್ಲಿ ಇದಿರಲಿ ಅಂತ ಬರೆದಿಟ್ಟಿದ್ದೆ, ಅವತ್ತಿನಿಂದ ಇವತ್ತಿನವರೆಗೆ ಅದೇ ನಡೆದುಕೊಂಡು ಬಂದಿದೆ. ಯೋಚಿಸುತ್ತಾ ಹೋದರೆ ಇದು ನನ್ನೊಬ್ಬನ ಕಥೆ ಅಲ್ಲ ಅನ್ನಿಸುತ್ತದೆ.

ಕಸ ಗುಡಿಸಿ ಬರುವಷ್ಟರಲ್ಲಿ

ನಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದೆ ಒಂದು ಡಿಟಿಪಿ ಅಂಗಡಿ ಇತ್ತು. 2007ರ ಸುಮಾರಿನ ಮಾತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಗ್ರಾಮ ಪಂಚಾಯ್ತಿ ಚುನಾವಣೆ ಬಂದರೆ ಕರಪತ್ರ. ಇದ್ದಿದ್ದು ಒಂದೇ ಕಂಪ್ಯೂಟರ್. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್, ಕನ್ನಡ ಟೈಪ್ ಮಾಡಲು ನುಡಿ. ಕೂರುತ್ತಿದ್ದವರು ಒಬ್ಬರೇ ಆಪರೇಟರ್, ನಾವೆಲ್ಲ ಅಕ್ಕ ಅಂತಿದ್ದೆವು. ಅವರ ಬೆರಳು ಕೀಲಿಮಣೆ ಮೇಲೆ ಓಡೋದು ನೋಡಬೇಕಿತ್ತು. ಗಿರಾಕಿ ಬಾಯಲ್ಲಿ ಹೇಳಿ ಮುಗಿಸುವುದರೊಳಗೆ ಪರದೆ ಮೇಲೆ ಬಂದಿರುತ್ತಿತ್ತು, ಅದೂ ಒತ್ತು ದೀರ್ಘ ಯಾವುದೂ ತಪ್ಪದೆ.

ಮಾಲೀಕರಿಗೆ ನಾನು ಆಗಾಗ ವೈರಸ್ ತೆಗೆದುಕೊಡುತ್ತಿದ್ದೆ. ಗಿರಾಕಿಗಳು ತರುವ ಪೆನ್‌ಡ್ರೈವ್‌ನಿಂದ ವಾರಕ್ಕೊಂದು ಹೊಸದು ಬರುತ್ತಿತ್ತು. ಅದಕ್ಕೆ ಪ್ರತಿಯಾಗಿ ಅಂಗಡಿ ಮುಚ್ಚುವ ಮುಂಚೆ ಒಂದೊಂದು ಗಂಟೆ ಕಂಪ್ಯೂಟರ್ ಮುಂದೆ ಕೂರಲು ಬಿಡುತ್ತಿದ್ದರು. ಆಗ ಲಿನಕ್ಸ್ ಸಿಗುವುದು ಸುಲಭ. ಮ್ಯಾಗಜೀನ್ ಜೊತೆ ಸಿ.ಡಿ. ಬರುತ್ತಿತ್ತು. ಉಬುಂಟು ಅನ್ನುವ ಒಂದು ಬಗೆಯ ಲಿನಕ್ಸಂತೂ 2005ರಿಂದ 2011ರವರೆಗೆ ಕೇಳಿದವರ ಮನೆಗೇ ಪುಕ್ಕಟೆ ಸಿ.ಡಿ. ಕಳಿಸುತ್ತಿತ್ತು, ಅಂಚೆ ಖರ್ಚೂ ಅವರದೇ. ಮಾಲೀಕರನ್ನು ಒಪ್ಪಿಸಿ ಡಿಸ್ಕಿನ ಕೊನೆಯಲ್ಲಿ ಒಂದಿಷ್ಟು ಜಾಗ ಬಿಡಿಸಿ ಒಂದು ಲಿನಕ್ಸ್ ಹಾಕಿದೆ. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ, ಇದು ಆಗಿನ ಕಾಲದ ನಿಯಮ. ಉಲ್ಟಾ ಮಾಡಿದರೆ ವಿಂಡೋಸ್ ಇನ್‌ಸ್ಟಾಲರ್ ಯಾರನ್ನೂ ಕೇಳದೆ ಡಿಸ್ಕಿನ ಮೊದಲ ಸೆಕ್ಟರ್ ಮೇಲೆ ತನ್ನದನ್ನು ಬರೆದುಕೊಳ್ಳುತ್ತಿತ್ತು. ಲಿನಕ್ಸ್ ಡಿಸ್ಕಲ್ಲಿ ಹಾಗೇ ಇರುತ್ತದೆ, ಆದರೆ ಎಬ್ಬಿಸುವವರೇ ಇಲ್ಲ.

ಮಾರನೇ ದಿನ ಬೆಳಗ್ಗೆ ನಡೆದದ್ದನ್ನು ಅಕ್ಕನೇ ಆಮೇಲೆ ಹೇಳಿದರು. ಅವರ ದಿನಚರಿ ಹೀಗೆ: ಷಟರ್ ಎತ್ತುವುದು, ಯುಪಿಎಸ್ ಒತ್ತುವುದು, ಕಂಪ್ಯೂಟರ್ ಬಟನ್ ಒತ್ತುವುದು, ಪರಕೆ ಹಿಡಿದು ಕಸ ಗುಡಿಸುವುದು, ಹೊರಗೆ ನೀರು ಹಾಕುವುದು, ಗಣಪತಿ ಫೋಟೊಗೆ ಊದಿನಕಡ್ಡಿ. ಇಷ್ಟಾಗುವಾಗ ಎಕ್ಸ್‌ಪಿ ಪೂರ್ತಿ ಎದ್ದು ಕೂತಿರುತ್ತದೆ. ಅವತ್ತು ಊದಿನಕಡ್ಡಿ ಸಿಕ್ಕಿಸಿ ತಿರುಗಿದರೆ ಪರದೆ ಮೇಲೆ ಯಾವುದೋ ಕಂದು ಬಣ್ಣ, ಹೆಸರು ಕೊಡು, ಪಾಸ್‌ವರ್ಡ್ ಕೊಡು ಅನ್ನುತ್ತಿದೆ. ಹೊರಗೆ ಪ್ರಶ್ನೆಪತ್ರಿಕೆಯ ಪ್ರೂಫ್‌ಗೆ ಬಂದ ಮೇಷ್ಟ್ರು ನಿಂತಿದ್ದಾರೆ.

"ಮೆನು ಬಂದಿರುತ್ತಲ್ಲಕ್ಕಾ, ಅದರಲ್ಲಿ ಕೆಳಗೆ ವಿಂಡೋಸ್ ಅಂತ ಇತ್ತಲ್ಲ" ಅಂದೆ. "ಯಾವ ಮೆನು?" ಅಂದರು. ಅವರು ಆ ಮೆನುವನ್ನು ನೋಡಿಯೇ ಇರಲಿಲ್ಲ. ನೋಡುವುದು ಹೇಗೆ? ಅದು ಬಂದು ಹೋಗುವಾಗ ಅವರು ಬಾಗಿಲ ಹತ್ತಿರ ಬಗ್ಗಿಕೊಂಡು ಗುಡಿಸುತ್ತಿದ್ದರು. ಮೆನು ಬರೆದವರ ತಲೆಯಲ್ಲಿ ಬಟನ್ ಒತ್ತಿ ಪರದೆಯನ್ನೇ ನೋಡುತ್ತಾ ಕೂರುವ ಮನುಷ್ಯ ಇದ್ದಾನೆ. ಅಂಥವರು ಅಂಗಡಿಯಲ್ಲಿ ಇರಲ್ಲ. ಮನೆಯಲ್ಲೂ ಕಡಿಮೆ. ಕಂಪ್ಯೂಟರ್ ಹಚ್ಚುವುದು ಅಂದರೆ ಅದನ್ನು ಹಚ್ಚಿ ಬೇರೆ ಕೆಲಸಕ್ಕೆ ಹೋಗುವುದು ಅಂತಲೇ ಎಲ್ಲರಿಗೂ ರೂಢಿ. ಹಾಗಾಗಿ ಮೆನುವಿನಲ್ಲಿ ಎಷ್ಟು ಸಾಲಿದ್ದರೂ ಕೆಲಸಕ್ಕೆ ಬರುವುದು ಒಂದೇ, ಯಾರೂ ಏನೂ ಒತ್ತದಿದ್ದರೆ ಏಳುವ ಸಾಲು.

ಇದಾದ ಮೇಲೆ ಸ್ವಲ್ಪ ದಿನ ನಮ್ಮಿಬ್ಬರ ನಡುವೆ ಒಂದು ತರಹದ ಚೌಕಾಶಿ ನಡೆಯಿತು. ಮೊದಲು ಸಮಯ ಮೂವತ್ತು ಸೆಕೆಂಡಿಗೆ ಏರಿಸಿದೆ. ಕಸ ಗುಡಿಸಲು ಅದಕ್ಕಿಂತ ಜಾಸ್ತಿ ಬೇಕು, ಅದು ಆಗಲಿಲ್ಲ. ಆಮೇಲೆ ಕೊನೆಗೆ ಯಾವುದನ್ನು ಬಳಸಿದ್ದರೋ ಅದೇ ಮತ್ತೆ ಏಳುವ ಹಾಗೆ ಮಾಡಿದೆ. ಅದರಲ್ಲಿ ತೊಂದರೆ ಏನು ಅಂದರೆ ಸಂಜೆ ಕೊನೆಗೆ ಕೂರುವವನು ನಾನೇ. ಬೆಳಗ್ಗೆ ಅಕ್ಕನಿಗೆ ಮತ್ತೆ ಅದೇ ಕಂದು ಪರದೆ. ಕಡೆಗೆ, "ನೋಡು, ಈ ಅಂಗಡಿ ನಡೆಯೋದು ಪೇಜ್‌ಮೇಕರಿಂದ. ಅದು ಇರೋದು ವಿಂಡೋಸಲ್ಲಿ. ಅದು ತಾನಾಗಿ ಬರಬೇಕು. ನಿಂದು ಬೇಕಾದರೆ ನೀನು ಒತ್ತಿಕೋ" ಅಂದರು. ಇದಕ್ಕೆ ಎದುರಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ವಿಂಡೋಸನ್ನು ತಾನಾಗಿ ಏಳುವ ಸಾಲು ಮಾಡಿಟ್ಟೆ. ಆಮೇಲೆ ಪ್ರತಿ ಸಂಜೆ ಪರದೆ ಮುಂದೆ ಕಾವಲು ಕೂರುವ ಕೆಲಸ ನನ್ನದಾಯಿತು. ಆ ಹತ್ತು ಸೆಕೆಂಡಲ್ಲಿ ಯಾರೋ ಮಾತಾಡಿಸಿದರೆ ಹೋಯ್ತು, ಎಕ್ಸ್‌ಪಿ ಪೂರ್ತಿ ಎದ್ದು, ಅದನ್ನು ಮತ್ತೆ ಮಲಗಿಸಿ, ಮತ್ತೆ ಕಾಯಬೇಕು.

ಲೆಕ್ಕ ಸೊನ್ನೆಯಿಂದ ಶುರು

ಯಾವ ಸಿಸ್ಟಮ್ ಬೇಕು ಅಂತ ಕೇಳಿ ಅದನ್ನು ಎಬ್ಬಿಸುವ ಪ್ರೋಗ್ರಾಮಿಗೆ ಬೂಟ್ ಲೋಡರ್ ಅಂತಾರೆ, ನಮ್ಮದರ ಹೆಸರು ಗ್ರಬ್. ಆಗಿನ ಗ್ರಬ್‌ನಲ್ಲಿ ಸಾಲುಗಳನ್ನು ಹೆಸರಿನಿಂದ ಗುರುತಿಸುತ್ತಿರಲಿಲ್ಲ, ಸಂಖ್ಯೆಯಿಂದ. ಅದೂ ಸೊನ್ನೆಯಿಂದ ಎಣಿಕೆ. ನಮ್ಮ ಮೆನುವಿನಲ್ಲಿ 0 ಅಂದರೆ ಲಿನಕ್ಸ್, 1 ಅಂದರೆ ಕೆಟ್ಟಾಗ ಸರಿಮಾಡಲು ಇರುವ ಅದೇ ಲಿನಕ್ಸಿನ ರಿಕವರಿ ಮೋಡ್, 2 ಮೆಮ್‌ಟೆಸ್ಟ್ ಅನ್ನುವ ಮೆಮೊರಿ ಪರೀಕ್ಷೆ. 3 ಯಾವ ಸಿಸ್ಟಮ್ಮೂ ಅಲ್ಲ, "ಇತರ ಆಪರೇಟಿಂಗ್ ಸಿಸ್ಟಮ್‌ಗಳು" ಅನ್ನುವ ಬರೀ ತಲೆಬರಹ. ಆದರೂ ಅದಕ್ಕೊಂದು ಸಂಖ್ಯೆ ಹೋಗುತ್ತಿತ್ತು. 4 ವಿಂಡೋಸ್. ಹಾಗಾಗಿ ಸೆಟ್ಟಿಂಗ್ ಫೈಲಲ್ಲಿ 4 ಅಂತ ಬರೆದೆ. ಅಕ್ಕ ಖುಷಿ, ಅಂಗಡಿ ಶಾಂತ.

ಒಂದು ಸಂಜೆ ಲಿನಕ್ಸ್ ತನ್ನ ಹೊಸ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳಿನ ಹೊಸ ಆವೃತ್ತಿ, ಇಳಿಸಿಕೊಂಡಿತು. ಹೊಸ ಕರ್ನಲ್ ಬಂದಾಗ ಹಳೇದು ಹೋಗುವುದಿಲ್ಲ. ಹೊಸದಕ್ಕೆ ಎರಡು ಸಾಲು ಮೇಲೆ ಸೇರುತ್ತದೆ, ಉಳಿದವೆಲ್ಲ ಎರಡು ಮೆಟ್ಟಿಲು ಕೆಳಗಿಳಿಯುತ್ತವೆ. ವಿಂಡೋಸ್ 4ರಿಂದ 6ಕ್ಕೆ ಹೋಯಿತು. 4ರ ಜಾಗಕ್ಕೆ ಬಂದು ಕೂತಿದ್ದು ಮೆಮ್‌ಟೆಸ್ಟ್.

ಬೆಳಗ್ಗೆ ಅಕ್ಕ ಊದಿನಕಡ್ಡಿ ಸಿಕ್ಕಿಸಿ ತಿರುಗಿದರೆ ನೀಲಿ ಪರದೆ. ಮೇಲೆ ಶೇಕಡಾವಾರು ಎಣಿಕೆ ಏರುತ್ತಿದೆ, ಪಕ್ಕದಲ್ಲಿ ಸಣ್ಣ ಗೆರೆಗಳು ಓಡುತ್ತಿವೆ. ನೂರಕ್ಕೆ ಬಂತು ಅಂದರೆ ಮತ್ತೆ ಸೊನ್ನೆಯಿಂದ. ಮೆಮ್‌ಟೆಸ್ಟ್‌ಗೆ ಮುಗಿಯುವುದು ಅಂತ ಒಂದಿಲ್ಲ. ಯಾರಾದರೂ ನಿಲ್ಲಿಸುವ ತನಕ ಅದು ಮೆಮೊರಿಗೆ ಬರೆಯುತ್ತದೆ, ಓದುತ್ತದೆ, ಮತ್ತೆ ಬರೆಯುತ್ತದೆ. ಅಕ್ಕ ಅದನ್ನು ಅಪ್‌ಡೇಟ್ ಅಂದುಕೊಂಡು, ಆರಿಸಬಾರದು ಅಂತ ಎಲ್ಲೋ ಕೇಳಿದ್ದು ನೆನಪಾಗಿ, ಗಿರಾಕಿಗಳಿಗೆ ಮಧ್ಯಾಹ್ನ ಬನ್ನಿ ಅಂತ ಹೇಳಿ ಕಳಿಸಿಬಿಟ್ಟಿದ್ದರು. ನಾನು ಕಾಲೇಜು ಮುಗಿಸಿ ಹೋದಾಗ ಅವರು ಪರದೆ ಮುಂದೆ ಕೂತು, ಒಬ್ಬರ ಲಗ್ನಪತ್ರಿಕೆಯ ಹಸ್ತಪ್ರತಿಯಲ್ಲಿ ಕಾಗುಣಿತ ತಿದ್ದುತ್ತಿದ್ದರು. ಎಸ್ಕೇಪ್ ಒತ್ತಿದೆ, ಮಷಿನ್ ರೀಸ್ಟಾರ್ಟ್ ಆಯಿತು. "ಇಷ್ಟೇನಾ?" ಅಂದರು. ಇಷ್ಟೇ.

ಈಗಿನ ಗ್ರಬ್‌ನಲ್ಲಿ ಸಂಖ್ಯೆಯ ಬದಲು ಸಾಲಿನ ಹೆಸರನ್ನೇ ಕೊಡಬಹುದು, ಹಳೆ ಕರ್ನಲ್‌ಗಳೆಲ್ಲ ಒಳಗಿನ ಇನ್ನೊಂದು ಮೆನುವಿಗೆ ಹೋಗುತ್ತವೆ. ಆದರೂ ನನಗೆ ಆ ಪ್ರಸಂಗ ಮರೆಯುವುದಿಲ್ಲ. ಅವತ್ತು ಮೆನುವಿನಲ್ಲಿ ಯಾರೂ ಏನೂ ಬದಲಾಯಿಸಿರಲಿಲ್ಲ. ಅಕ್ಕನ ಆಯ್ಕೆ ಹಾಗೇ ಇತ್ತು, 4 ಅಂತಲೇ ಇತ್ತು. ಅದರ ಕೆಳಗಿನ ನೆಲ ಸರಿದುಹೋಗಿತ್ತು.

446 ಬೈಟಿನ ಜಾಗ

ಹಳೇ ಕಾಲದ ಕಂಪ್ಯೂಟರ್ ಏಳುವ ರೀತಿ ಗೊತ್ತಿದ್ದರೆ ಈ ಮೊದಲ ಸಾಲಿಗೆ ಯಾಕಿಷ್ಟು ಕಿತ್ತಾಟ ಅಂತ ತಿಳಿಯುತ್ತದೆ. ಬಟನ್ ಒತ್ತಿದ ಕೂಡಲೇ ಮದರ್‌ಬೋರ್ಡಲ್ಲಿರುವ ಬಯೋಸ್ ಅನ್ನುವ ಪ್ರೋಗ್ರಾಮ್ ಎದ್ದು ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ ಓದುತ್ತದೆ, 512 ಬೈಟ್. ಅದರಲ್ಲಿ 64 ಬೈಟ್ ಪಾರ್ಟಿಷನ್, ಅಂದರೆ ಡಿಸ್ಕಿನ ಭಾಗಗಳ ಪಟ್ಟಿಗೆ, ಕೊನೆಯ 2 ಬೈಟ್ ಗುರುತಿಗೆ. ಉಳಿದ 446 ಬೈಟಲ್ಲಿ ಯಾರ ಕೋಡ್ ಇದೆಯೋ ಕಂಪ್ಯೂಟರ್ ಮೊದಲು ಅವರ ಕೈಗೆ. 446 ಬೈಟ್ ಅಂದರೆ ಎಷ್ಟು? ಯೂನಿಕೋಡಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಸಾಮಾನ್ಯವಾಗಿ 3 ಬೈಟ್ ಬೇಕು. ಅಕ್ಕ ಟೈಪ್ ಮಾಡುತ್ತಿದ್ದ ಲಗ್ನಪತ್ರಿಕೆಯಲ್ಲಿ ಮನೆದೇವರ ಪ್ರಸನ್ನ, ವಧೂವರರ ಹೆಸರು, ಅಪ್ಪ ಅಮ್ಮಂದಿರ ಹೆಸರು ಬರುವಷ್ಟರಲ್ಲಿ ಖಾಲಿ. ಮುಹೂರ್ತಕ್ಕೆ ಜಾಗ ಇಲ್ಲ.

ಅಷ್ಟು ಸಣ್ಣ ಜಾಗದಲ್ಲಿ ಮೆನು ಹಿಡಿಸುವುದಿಲ್ಲ. ಹಾಗಾಗಿ ಅಲ್ಲಿರುವ ಕೋಡ್ ಮಾಡುವುದು ಒಂದೇ ಕೆಲಸ, ಡಿಸ್ಕಲ್ಲಿ ಬೇರೆಡೆ ಇರುವ ದೊಡ್ಡ ತುಂಡನ್ನು ಎತ್ತಿ ತಂದು ಅದಕ್ಕೆ ಜವಾಬ್ದಾರಿ ಒಪ್ಪಿಸುವುದು. 1990ರ ದಶಕದಲ್ಲಿ ಲಿನಕ್ಸ್ ಬಳಸಿದವರಿಗೆ ಲಿಲೊ ಅನ್ನುವ ಬೂಟ್ ಲೋಡರ್ ನೆನಪಿರಬೇಕು. ಅದು ಒಂದೊಂದು ಹಂತ ದಾಟಿದಾಗಲೂ ತನ್ನ ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರವನ್ನು ಪರದೆ ಮೇಲೆ ಬರೆಯುತ್ತಿತ್ತು, ಎಲ್, ಐ, ಎಲ್, ಓ. ನಾಲ್ಕೂ ಬಂದರೆ ಎಲ್ಲ ಸರಿ. ಎರಡಕ್ಕೇ ನಿಂತರೆ ಎರಡನೇ ತುಂಡು ಬಂದಿದೆ ಆದರೆ ಓಡುತ್ತಿಲ್ಲ ಅಂತ ಅರ್ಥ. ಎಲ್ಲಿ ಕೆಟ್ಟಿದೆ ಅಂತ ಹೇಳುವುದಕ್ಕೂ ಜಾಗ ಇಲ್ಲದಾಗ ಹೆಸರನ್ನೇ ಹೀಗೆ ಬಳಸಿಕೊಂಡ ಜಾಣತನ ನನಗೆ ತುಂಬಾ ಇಷ್ಟ.

ಈ ಜಾಗ ಯಾರದು ಅನ್ನುವುದರ ಮೇಲೆ ಒಂದು ಕಂಪನಿಯ ಕಥೆಯೂ ಇದೆ. ಆಪಲ್ ಬಿಟ್ಟು ಬಂದ ಜಾನ್-ಲೂಯಿ ಗಾಸೆ ಬೀ ಅನ್ನುವ ಕಂಪನಿ ಕಟ್ಟಿದರು. ಅವರ ಆಪರೇಟಿಂಗ್ ಸಿಸ್ಟಮ್ ಬೀಓಎಸ್ ಬಳಸಿದವರು ಇವತ್ತಿಗೂ ಅದರ ವೇಗದ ಬಗ್ಗೆ ಮಾತಾಡುತ್ತಾರೆ. 1990ರ ದಶಕದ ಕೊನೆಯಲ್ಲಿ ಅವರು ಪಿಸಿ ತಯಾರಕರಿಗೆ ಒಂದು ಮಾತು ಹೇಳಿದರು: ವಿಂಡೋಸ್ ಇರಲಿ, ಪಕ್ಕದಲ್ಲಿ ನಮ್ಮದನ್ನೂ ಹಾಕಿ, ದುಡ್ಡು ಬೇಡ. ಪುಕ್ಕಟೆ ಅಂದರೂ ಬಹುತೇಕ ಯಾರೂ ಮುಂದೆ ಬರಲಿಲ್ಲ. ಜಪಾನಿನಲ್ಲಿ ಹಿಟಾಚಿ ಒಪ್ಪಿತು. ಅದರ ಫ್ಲೋರಾ ಪ್ರಿಯಸ್ ಕಂಪ್ಯೂಟರಿನ ಡಿಸ್ಕಲ್ಲಿ ಎರಡೂ ಇದ್ದವು. ಆದರೆ ಕೊಂಡವರು ಬಟನ್ ಒತ್ತಿದರೆ ನೇರ ವಿಂಡೋಸ್. ಬೂಟ್ ಮೆನು ಇಲ್ಲ, ಡೆಸ್ಕ್‌ಟಾಪಲ್ಲಿ ಐಕಾನ್ ಕೂಡ ಇಲ್ಲ. ಬೀಓಎಸ್ ಬೇಕು ಅನ್ನುವವರು ಬೀ ಕಂಪನಿಯ ಸೂಚನೆ ನೋಡಿ ಅದನ್ನು ತಾವೇ ಹೊರಗೆಳೆಯಬೇಕಿತ್ತು. ವಿಂಡೋಸ್ ಜೊತೆ ಇನ್ನೊಂದರ ಮೆನು ತೋರಿಸಲು ಮೈಕ್ರೋಸಾಫ್ಟಿನ ಲೈಸೆನ್ಸ್ ಷರತ್ತು ಬಿಡುತ್ತಿಲ್ಲ ಅನ್ನುವುದು ಬೀ ಕಂಪನಿಯ ದೂರು.

2001ರಲ್ಲಿ ಕಂಪನಿ ತನ್ನ ಆಸ್ತಿಯನ್ನು ಪಾಮ್ ಅನ್ನುವ ಕಂಪನಿಗೆ 1.1 ಕೋಟಿ ಡಾಲರಿಗೆ ಮಾರಿಕೊಂಡಿತು. 2002ರಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತು. 2003ರಲ್ಲಿ ತಪ್ಪು ಒಪ್ಪಿಕೊಳ್ಳದೆಯೇ ಮೈಕ್ರೋಸಾಫ್ಟ್ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಂದರೆ ಇಡೀ ಸಿಸ್ಟಮ್ ಮಾರಿದ್ದಕ್ಕೆ ಬಂದಿದ್ದರ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು. ನಡುವೆ 2002ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಹೂಡಿದ್ದ ದೊಡ್ಡ ಮೊಕದ್ದಮೆಯ ಅಂತಿಮ ಆದೇಶ ಬಂತು. ವಿಂಡೋಸ್‌ಗೆ ಮುಂಚೆ ಬೇರೆಯವರ ಬೂಟ್ ಲೋಡರ್ ಓಡಿಸಿ ಇನ್ನೊಂದು ಸಿಸ್ಟಮ್ಮಿನ ಆಯ್ಕೆ ಕೊಡಲು ತಯಾರಕರಿಗೆ ಅಡ್ಡಿ ಮಾಡಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಕೋರ್ಟಿನ ಆದೇಶದಲ್ಲಿ ಬೂಟ್ ಲೋಡರಿಗೆ ಜಾಗ ಸಿಕ್ಕಿತು. ಅಷ್ಟರಲ್ಲಿ ಮೆನುವಿನಲ್ಲಿ ಎರಡನೇ ಸಾಲಿಗೆ ಬರಬೇಕಿದ್ದವರೇ ಅಂಗಡಿ ಮುಚ್ಚಿದ್ದರು.

ಅಕ್ಕ ಹೇಳಿದ್ದನ್ನು ಇಲ್ಲಿ ಇಟ್ಟು ನೋಡಿ. ಅಂಗಡಿ ನಡೆಯುವುದು ಯಾವುದರಿಂದಲೋ ಅದು ತಾನಾಗಿ ಬರಬೇಕು. ಮೈಕ್ರೋಸಾಫ್ಟೂ ತನ್ನ ಅಂಗಡಿಗೆ ಅದನ್ನೇ ಬಯಸಿತ್ತು ಅನ್ನಬಹುದು. ವ್ಯತ್ಯಾಸ ಇಷ್ಟೇ, ಆ ಕಂಪ್ಯೂಟರ್ ಅಕ್ಕನ ಕೆಲಸದ್ದು. ನನ್ನ ಸಾಲನ್ನು ಕೆಳಗೆ ಇಟ್ಟರು, ಅಳಿಸಲಿಲ್ಲ.

ನಾಲ್ಕೂವರೆಯ ಬೆಳಗು

ಎರಡು ಸಿಸ್ಟಮ್ ಒಂದೇ ಡಿಸ್ಕಲ್ಲಿ ಇದ್ದರೂ ಒಂದಕ್ಕೊಂದು ಮುಖ ನೋಡುವುದಿಲ್ಲ. ಒಂದು ಎದ್ದಿರುವಾಗ ಇನ್ನೊಂದು ಬರೀ ಸತ್ತ ಫೈಲುಗಳ ರಾಶಿ. ಅವುಗಳ ಜಗಳ ಗೊತ್ತಾಗುತ್ತಿದ್ದದ್ದು ಗಡಿಯಾರದಲ್ಲಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಅಂತ ವಿಂಡೋಸ್ ನಂಬುತ್ತದೆ, ವಿಂಡೋಸಿಗೂ ಹಿಂದಿನ ಡಾಸ್ ಕಾಲದಿಂದ ಬಂದ ಅಭ್ಯಾಸ. ಅದರಲ್ಲಿ ಅಂತಾರಾಷ್ಟ್ರೀಯ ಸಮಯ ಇಡುವುದು ಲಿನಕ್ಸಿನ ರೂಢಿ. ನಮಗೆ ಐದೂವರೆ ಗಂಟೆ ವ್ಯತ್ಯಾಸ. ರಾತ್ರಿ ಲಿನಕ್ಸಲ್ಲಿ ಕೂತು ಹೋದರೆ ಬೆಳಗ್ಗೆ ಹತ್ತಕ್ಕೆ ವಿಂಡೋಸ್ ನಾಲ್ಕೂವರೆ ಅನ್ನುತ್ತಿತ್ತು. ಅದನ್ನು ಸರಿಮಾಡಿ ಬಿಟ್ಟರೆ ಸಂಜೆ ಆರಕ್ಕೆ ಲಿನಕ್ಸ್ ರಾತ್ರಿ ಹನ್ನೊಂದೂವರೆ ಅನ್ನುತ್ತಿತ್ತು. ಹೆಚ್ಚಿನ ದೇಶದವರಿಗೆ ಗಂಟೆ ಮಾತ್ರ ತಪ್ಪುತ್ತಿತ್ತು, ನಮಗೆ ನಿಮಿಷದ ಮುಳ್ಳೂ ತಪ್ಪುತ್ತಿತ್ತು. ಹಾಗಾಗಿ ನಾವು ಬೇಗ ಕಂಡುಹಿಡಿಯುತ್ತಿದ್ದೆವು ಅನ್ನುವುದೊಂದು ಸಮಾಧಾನ. ಈಗಲೂ ಈ ಜಗಳ ಪೂರ್ತಿ ಬಗೆಹರಿದಿಲ್ಲ, ಇಬ್ಬರಲ್ಲಿ ಒಬ್ಬರಿಗೆ ಹೇಳಿ ಒಪ್ಪಿಸಬೇಕು.

ಇನ್ನೊಂದು ತೊಡಕು ನುಡಿಯದು. ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲನ್ನು ಲಿನಕ್ಸಲ್ಲಿ ತೆರೆದರೆ ಕನ್ನಡವೇ ಇರುತ್ತಿರಲಿಲ್ಲ. ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು ಸಾಲಾಗಿ ನಿಂತಿರುತ್ತಿದ್ದವು. ಫಾಂಟ್ ತಂದು ಹಾಕಿದರೆ ಓದಲು ಬರುತ್ತಿತ್ತು, ಆದರೆ ನುಡಿಯಲ್ಲಿ ಬರೆಯಲು ವಿಂಡೋಸೇ ಬೇಕು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ಲಿನಕ್ಸಲ್ಲೂ ಇದ್ದಿದ್ದರಿಂದ ಬೆರಳಿಗೆ ಕಷ್ಟ ಇರಲಿಲ್ಲ. ಕಷ್ಟ ಇದ್ದಿದ್ದು ಅಷ್ಟು ವರ್ಷದ ಹಳೇ ಫೈಲುಗಳಲ್ಲಿ.

ಮೆನು ಒಳಗೆ ಸರಿದಾಗ

ಈಗ ಆ 446 ಬೈಟಿನ ಜಾಗಕ್ಕೆ ಬೆಲೆ ಇಲ್ಲ. ಬಯೋಸ್ ಜಾಗಕ್ಕೆ ಯುಇಎಫ್ಐ ಬಂದ ಮೇಲೆ ಬೂಟ್ ಲೋಡರ್‌ಗಳಿಗೆ ಅಂತಲೇ ಒಂದು ಪಾರ್ಟಿಷನ್ ಇರುತ್ತದೆ. ಅದರಲ್ಲಿ ಎಲ್ಲರಿಗೂ ಬೇರೆ ಬೇರೆ ಫೋಲ್ಡರ್, ಒಬ್ಬರ ಮೇಲೊಬ್ಬರು ಬರೆಯಬೇಕಿಲ್ಲ. ಯಾರು ಮೊದಲು ಅನ್ನುವ ಪಟ್ಟಿ ಮದರ್‌ಬೋರ್ಡಿನ ನೆನಪಲ್ಲಿ ಇರುತ್ತದೆ. ಕೇಳಲು ಎಷ್ಟು ಸಭ್ಯವಾಗಿದೆ ಅಲ್ವಾ? ಆದರೆ ಆ ಪಟ್ಟಿಯನ್ನು ಎದ್ದ ಸಿಸ್ಟಮ್ ಯಾವುದಾದರೂ ತಿದ್ದಬಹುದು. ಅದು ಕಾಣಬೇಕು ಅಂದರೆ ಎಫ್12 ಅಥವಾ ಎಸ್ಕೇಪ್ ಅಥವಾ ಎಫ್9, ಒಂದೊಂದು ಕಂಪನಿಗೆ ಒಂದೊಂದು ಕೀ, ಅದೂ ಸರಿಯಾದ ಕ್ಷಣದಲ್ಲಿ ಒತ್ತಬೇಕು. ಮುಂಚೆ ಮೆನು ತಾನಾಗಿ ಬಂದು ಕೇಳುತ್ತಿತ್ತು. ಈಗ ಹೀಗೊಂದು ಮೆನು ಇದೆ ಅಂತ ಗೊತ್ತಿದ್ದವರು ಮಾತ್ರ ಕೇಳಬಹುದು.

ಇದರ ಮೇಲೆ 2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಬಂತು. ನಂಬಿದವರ ಡಿಜಿಟಲ್ ಸಹಿ ಇಲ್ಲದ ಕೋಡನ್ನು ಮಷಿನ್ ಎಬ್ಬಿಸುವುದಿಲ್ಲ. ಹೆಚ್ಚಿನ ಪಿಸಿಗಳಲ್ಲಿ ಆ ಸಹಿ ಪರೀಕ್ಷಿಸಲು ಮೊದಲಿಂದ ಇರುವುದು ಮೈಕ್ರೋಸಾಫ್ಟಿನ ಕೀಲಿ. ಲಿನಕ್ಸಿನವರು ಶಿಮ್ ಅನ್ನುವ ಪುಟ್ಟ ಲೋಡರ್ ಬರೆದು ಅದಕ್ಕೆ ಮೈಕ್ರೋಸಾಫ್ಟಿನಿಂದಲೇ ಸಹಿ ಹಾಕಿಸಿಕೊಂಡರು. ಇವತ್ತು ನನ್ನ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಏಳುವುದು ಆ ಸಹಿಯ ಬಲದಿಂದಲೇ. ಭದ್ರತೆಗೆ ಇದು ಬೇಕು, ಒಪ್ಪುತ್ತೇನೆ. ಬೂಟ್ ಹಂತದಲ್ಲೇ ನುಸುಳುವ ಮಾಲ್‌ವೇರ್ ಕಟ್ಟುಕಥೆ ಅಲ್ಲ. ಆದರೆ 2024ರ ಆಗಸ್ಟಿನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಬಂದಾಗ ಎರಡೂ ಸಿಸ್ಟಮ್ ಇಟ್ಟುಕೊಂಡಿದ್ದ ಎಷ್ಟೋ ಜನರ ಲಿನಕ್ಸ್ ಏಳಲೇ ಇಲ್ಲ. ಹಳೇ ಲೋಡರ್‌ಗಳನ್ನು ತಡೆಯುವ ಅಪ್‌ಡೇಟ್ ಅದು. ಎರಡು ಸಿಸ್ಟಮ್ ಇರುವ ಮಷಿನ್ನಿಗೆ ಅದು ತಾಗಬಾರದಿತ್ತು, ತಾಗಿತು. ಪರದೆ ಮೇಲೆ ಬಂದ ಸಂದೇಶದಲ್ಲಿ ಏನೋ ಭಾರಿ ಎಡವಟ್ಟಾಗಿದೆ ಅಂತಲೇ ಇತ್ತು, ಅಷ್ಟು ಪ್ರಾಮಾಣಿಕ ಎರರ್ ಮೆಸೇಜ್ ನಾನು ಬೇರೆ ಕಂಡಿಲ್ಲ.

ಆಪಲ್ ಕಥೆ ಇನ್ನೂ ಚಿಕ್ಕದು. 2006ರಲ್ಲಿ ಬೂಟ್ ಕ್ಯಾಂಪ್ ಕೊಟ್ಟು ಮ್ಯಾಕಲ್ಲಿ ವಿಂಡೋಸ್ ಹಾಕಿಕೊಳ್ಳಿ ಅಂದರು. 2020ರಲ್ಲಿ ತಮ್ಮದೇ ಚಿಪ್ ಬಂದ ಮೇಲೆ ಆ ಚಿಪ್ಪಿನ ಮ್ಯಾಕ್‌ಗಳಿಗೆ ಅದು ಬರಲಿಲ್ಲ.

ಅಕ್ಕನ ಅಂಗಡಿ

ಅಕ್ಕ ಈಗ ಸ್ವಂತ ಅಂಗಡಿ ಇಟ್ಟಿದ್ದಾರೆ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಜೊತೆಗೆ ಡಿಟಿಪಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಫೋನ್ ಮಾಡಿದರು. ಅವರ ಕಂಪ್ಯೂಟರ್ ಹಳೇದು, ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಅದರಲ್ಲಿಲ್ಲ. ಹೊಸದು ತಗೊಳ್ಳಲು ಈಗ ಕೈಯಲ್ಲಿ ದುಡ್ಡಿಲ್ಲ. ಬರೀ ಲಿನಕ್ಸ್ ಹಾಕೋಣ ಅಂದರೆ ಪೇಜ್‌ಮೇಕರ್ ಬಿಡಲಾಗಲ್ಲ. ಪೇಜ್‌ಮೇಕರ್ 7.0 ಬಂದಿದ್ದು 2001ರಲ್ಲಿ, ಆಮೇಲೆ ಹೊಸ ಆವೃತ್ತಿಯೇ ಬರಲಿಲ್ಲ. ಆದರೆ ಅವರ ಹತ್ತಿರ ಅದರಲ್ಲಿ ಮಾಡಿಟ್ಟ ಇಪ್ಪತ್ತು ವರ್ಷದ ಪತ್ರಿಕೆಗಳಿವೆ. "ಅಣ್ಣನ ಮದುವೆಗೆ ಮಾಡಿದ್ರಲ್ಲ, ಅದೇ ಡಿಸೈನ್ ತಂಗಿಗೂ ಬೇಕು" ಅಂತ ಬರುವವರು ಈಗಲೂ ಇದ್ದಾರೆ. ನಾಲ್ಕು ಜಿ.ಬಿ. ಮೆಮೊರಿಯಲ್ಲಿ ವರ್ಚುವಲ್ ಮಷಿನ್ ಅಂದರೆ ಹಿಂಸೆ.

ಹಾಗಾಗಿ ಮತ್ತೆ ಎರಡು ಸಿಸ್ಟಮ್. ವಿಂಡೋಸ್ 10 ಡಿಟಿಪಿಗೆ ಮಾತ್ರ, ಅದಕ್ಕೆ ನೆಟ್ ಇಲ್ಲ. ಅರ್ಜಿ, ಮೇಲ್, ವಾಟ್ಸಾಪ್ ವೆಬ್ ಎಲ್ಲ ಲಿನಕ್ಸಲ್ಲಿ. ನಡುವೆ ಎರಡೂ ಓದುವ ಒಂದು ಪಾರ್ಟಿಷನ್, ಗಿರಾಕಿ ವಾಟ್ಸಾಪಲ್ಲಿ ಕಳಿಸಿದ ಫೋಟೊ ಅಲ್ಲಿಗೆ ಹಾಕಿ, ಆ ಕಡೆ ಹೋಗಿ ಎತ್ತಿಕೊಳ್ಳುವುದು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆರಿಸಬೇಕಾಯಿತು. ಅದು ಶಟ್‌ಡೌನ್ ಅಂದರೂ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕ್ ಹಿಡಿದುಕೊಂಡಿರುತ್ತದೆ, ಲಿನಕ್ಸ್‌ಗೆ ಬರೆಯಲು ಬಿಡಲ್ಲ. ಈಗಿನ ಗ್ರಬ್ 2021ರಿಂದ ಬೇರೆ ಸಿಸ್ಟಮ್‌ಗಳನ್ನು ತಾನಾಗಿ ಹುಡುಕುವುದನ್ನೂ ಬಿಟ್ಟಿದೆ, ಹುಡುಕು ಅಂತ ನಾವೇ ಬರೆಯಬೇಕು.

ಯಾವುದು ಮೊದಲು ಬರಲಿ ಅಂತ ಕೇಳಿದೆ. ಅಕ್ಕ ಸ್ವಲ್ಪ ಯೋಚಿಸಿದರು. ಬೆಳಗ್ಗೆ ಅರ್ಜಿ ಜನ ಜಾಸ್ತಿ, ಲಗ್ನದ ಸೀಸನ್ ಬಂದರೆ ಡಿಟಿಪಿ ಜಾಸ್ತಿ. "ಅದು ತಾನಾಗಿ ಯಾವುದಕ್ಕೂ ಹೋಗೋದು ಬೇಡ. ನಾನು ಬಂದು ಒತ್ತೋ ತನಕ ಕಾಯ್ಲಿ. ಹಾಗೆ ಮಾಡಕ್ಕೆ ಬರಲ್ವಾ?" ಅಂದರು. ಬರುತ್ತದೆ. ಟೈಮ್‌ಔಟ್ ಜಾಗದಲ್ಲಿ ಮೈನಸ್ ಒಂದು ಅಂತ ಬರೆದರೆ ಎಣಿಕೆಯೇ ಇಲ್ಲ, ಮೆನು ಸುಮ್ನೆ ನಿಂತಿರುತ್ತದೆ. ಅವತ್ತು 2007ರಲ್ಲೂ ಹೀಗೆ ಕಾಯಿಸಿ ನಿಲ್ಲಿಸಬಹುದಿತ್ತು. ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಯಾರದಾದರೂ ಒಂದು ತಾನಾಗಿ ಬರಲೇಬೇಕು ಅಂತ ಇಬ್ಬರೂ ಅಂದುಕೊಂಡಿದ್ದೆವು.

ಕೆಲವು ವಾರ ಚೆನ್ನಾಗಿ ನಡೆಯಿತು. ಈಗ ಅಂಗಡಿ ತೆರೆಯುವುದು ಕೆಲಸಕ್ಕಿರುವ ಒಬ್ಬ ಹುಡುಗ, ಅಕ್ಕ ಬರುವುದು ಹತ್ತು ಗಂಟೆ ಮೇಲೆ. ಅವನು ಷಟರ್ ಎತ್ತಿ, ಬಟನ್ ಒತ್ತಿ, ಪರದೆ ಕಪ್ಪಗಿದೆ ಅಂತ ಎಂಟರ್ ಒತ್ತಿಬಿಡುತ್ತಾನಂತೆ. ಓದುವುದಿಲ್ಲ. ಮೇಲಿನ ಸಾಲು ಏನಿದೆಯೋ ಅದು ಏಳುತ್ತದೆ, ಅದು ಲಿನಕ್ಸ್. ಮದುವೆ ಸೀಸನ್ ಶುರುವಾಗಿದೆ, ಪ್ರೂಫ್ ನೋಡಲು ಬಂದವರು ಕಾಯುತ್ತಿರುತ್ತಾರೆ. ಹೋದ ಭಾನುವಾರ ಅಕ್ಕ ಮತ್ತೆ ಫೋನ್ ಮಾಡಿದರು, ಮೇ ಮುಗಿಯುವ ತನಕ ವಿಂಡೋಸ್ ಮೇಲಿರಲಿ, ಜೂನಲ್ಲಿ ಶಾಲೆ ಅರ್ಜಿ ಶುರುವಾದ ಮೇಲೆ ಲಿನಕ್ಸ್ ಮೇಲೆ ಹಾಕೋಣ ಅಂತ. ಗ್ರಬ್‌ನ ಫೋಲ್ಡರಲ್ಲಿ ಬೇರೆ ಸಿಸ್ಟಮ್ ಹುಡುಕುವ ಸ್ಕ್ರಿಪ್ಟಿನ ಹೆಸರು ಮೂವತ್ತು ಅನ್ನುವ ಸಂಖ್ಯೆಯಿಂದ ಶುರುವಾಗುತ್ತದೆ. ಅದನ್ನು ಸೊನ್ನೆ ಎಂಟು (08) ಮಾಡಿ ಮೆನು ಮತ್ತೆ ಕಟ್ಟಿಸಿದರೆ ವಿಂಡೋಸ್ ಮೇಲಕ್ಕೆ ಬರುತ್ತದೆ. ಫೋನಲ್ಲೇ ಒಂದೊಂದು ಅಕ್ಷರ ಹೇಳಿ ಮಾಡಿಸಿದೆ. ಜೂನಲ್ಲಿ ವಾಪಸ್ ಮಾಡುವುದು ಹೇಗೆ ಅಂತ ಅವರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಾರೆ, ಹುಡುಗನಿಗೂ ತೋರಿಸಿದ್ದಾರಂತೆ.